ಅಡುಗೆಮನೆಯ ಬಾಗಿಲುಗಳಿಗೆ ಹೊಸ ಮೈ

ಗೃಹಸ್ಥರ ಮನೆಯಲ್ಲಿ ಪೂಜೆಯ ಕೋಣೆಯಷ್ಟೇ ಪವಿತ್ರವಾದ ಸ್ಥಳ ಅಡುಗೆಮನೆ. ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವೆನಿಸುವ ಅನ್ನ ಸಿದ್ಧವಾಗುವುದು ಅಲ್ಲಿಯೇ. ಅದರ ಶುಚಿತ್ವ, ಅಂದಗಳ ಕಡೆಗೆ ಗಮನ ಕೊಡುವುದು ಆಡಂಬರವಲ್ಲ. ಆದರೆ ಹೊಸತನದ ಹೆಸರಿನಲ್ಲಿ ಗಟ್ಟಿಮುಟ್ಟಾದುದನ್ನೂ ಕಿತ್ತೊಗೆಯುವುದು ಸರಿಯೇ ಎಂಬುದನ್ನು ನಾವು ಯೋಚಿಸಬೇಕು.

ಕ್ಯಾಲನೂರಿನ ನಮ್ಮ ಮನೆಯಲ್ಲಿ ಅಡುಗೆಕಟ್ಟೆಯ ಕೆಳಗೆ ಕಡಪ ಕಲ್ಲಿನ ಗೂಡುಗಳಿವೆ. ಅವಕ್ಕೆ ಮರದ ಚೌಕಟ್ಟು, ಪ್ಲೈವುಡ್ ಬಾಗಿಲುಗಳು. ಇಪ್ಪತ್ತು ವರ್ಷಗಳ ಎಣ್ಣೆಜಿಡ್ಡು, ಕುಕ್ಕರಿನ ಹಬೆಗಳಿಂದ ಅವುಗಳ ಸನ್‌ಮೈಕಾ ಬಣ್ಣಗೆಟ್ಟು ಅಂಚಿನಲ್ಲಿ ಎದ್ದುಬಂದಿತ್ತು. ಎಲ್ಲವನ್ನೂ ತೆಗೆಸಿ ಹೊಸ ಮಾದರಿಯ ಅಡುಗೆಮನೆ ಮಾಡಿಸೋಣವೆಂಬುದು ಮಕ್ಕಳ ಆಸೆ. ಖರ್ಚೊಂದೇ ನಮ್ಮ ಚಿಂತೆಯಾಗಿರಲಿಲ್ಲ. ಅತ್ತೆಯವರಿಗೆ ದೃಷ್ಟಿ ಮಂದವಾಗಿದೆ. ಎಡಗಡೆಯ ಮೂರನೆಯ ಬಾಗಿಲು ರಾಗಿಹಿಟ್ಟಿನದು, ಅದರಾಚೆಯದು ಬೇಳೆಯದು ಎಂಬುದು ಅವರ ಕೈಗೇ ಗೊತ್ತು. “ಗೂಡುಗಳನ್ನು ಕದಲಿಸಬೇಡಿರಮ್ಮಾ, ಆಮೇಲೆ ನನಗೆ ಏನೂ ಸಿಗದು” ಎಂದರು. ಒಲೆಯ ಮುಂದೆ ಅವರು ಪರಾಧೀನರಾಗುವುದು ನಮಗಾರಿಗೂ ಬೇಡವಾಗಿತ್ತು. ಗೂಡುಗಳನ್ನು ಉಳಿಸಿ ಬಾಗಿಲುಗಳಿಗಷ್ಟೇ ಹೊಸ ಮೈ ಕೊಡಲು ನಿರ್ಧರಿಸಿದೆವು.

ಮೊದಲು ಚಾಕುವಿನ ಮೊನೆಯಿಂದ ಪ್ರತಿಯೊಂದು ಬಾಗಿಲನ್ನೂ ಒತ್ತಿ ನೋಡಬೇಕು. ನೀರು ಕುಡಿದು ಉಬ್ಬಿದ್ದರೆ, ಗೆದ್ದಲು ಹಿಡಿದಿದ್ದರೆ ಆ ಬಾಗಿಲನ್ನು ಬದಲಿಸುವುದೇ ಲೇಸು. ನಮ್ಮಲ್ಲಿ ಸಿಂಕಿನ ಕೆಳಗಿನದೊಂದು ಹಾಗೆ ಹಾಳಾಗಿತ್ತು. ಉಳಿದವನ್ನು ಬಿಚ್ಚುವಾಗ ಹಿಂಬದಿಗೆ ಸಂಖ್ಯೆ ಬರೆದರೆ ಮರಳಿ ಕೂರಿಸುವಾಗ ಗೊಂದಲವಾಗದು. ಹಳೆಯ ಹಾಳೆಯ ಮೇಲೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯ ಕಾವು ಕೊಟ್ಟರೆ ಅಂಟು ಸಡಿಲವಾಗಿ ಬಿಟ್ಟುಕೊಳ್ಳುತ್ತದೆ. ಬಳಿಕ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ತಗ್ಗುಗಳಿಗೆ ಪುಟ್ಟಿ ತುಂಬಬೇಕು.

ಸನ್‌ಮೈಕಾ ಎಂದು ನಾವು ಕರೆಯುವ ಹಾಳೆ ರಾಳದಲ್ಲಿ ನೆನೆಸಿದ ಕಾಗದದ ಪದರಗಳನ್ನು ಕಾವು, ಒತ್ತಡಗಳಿಂದ ಬಿಗಿಗೊಳಿಸಿದ್ದು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ, ಒಂದು ಮಿಲಿಮೀಟರ್ ದಪ್ಪದ ಹಾಳೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಬಾಗಿಲಿಗಿಂತ ಅರ್ಧ ಅಂಗುಲ ಹೆಚ್ಚಾಗಿ ಕತ್ತರಿಸಿ, ಹಾಳೆಗೂ ಹಲಗೆಗೂ ರಬ್ಬರ್ ಅಂಟನ್ನು ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ನಡುವಿನಿಂದ ಅಂಚಿನತ್ತ ಒತ್ತುತ್ತ ಕೂರಿಸಬೇಕು. ಹೆಚ್ಚಿನ ಅಂಚನ್ನು ಅರದಿಂದ ಉಜ್ಜಿ ಸಮಮಾಡಬೇಕು. ಒಂದೇ ಬದಿಗೆ ಹಾಳೆ ಹಾಕಿದರೆ ಬಾಗಿಲು ಬಾಗುವುದುಂಟು. ಹಿಂಬದಿಗೂ ತೆಳುವಾದದ್ದನ್ನು ಅಂಟಿಸುವುದು ಒಳ್ಳೆಯದು. ರಬ್ಬರ್ ಅಂಟು ಬೇಗ ಬೆಂಕಿ ಹಿಡಿಯುವಂಥದು. ಅದರ ವಾಸನೆ ಕೂಡ ದೇಹಕ್ಕೆ ಹಿತವಲ್ಲ. ಆದುದರಿಂದ ಈ ಕೆಲಸವನ್ನು ಒಲೆಯಿಂದ ದೂರ, ಗಾಳಿಯಾಡುವ ಹಿತ್ತಲಿನಲ್ಲಿ ಮಾಡಬೇಕು.

ಬಣ್ಣದ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟೆವು. ತಿಳಿಹಳದಿಯ ಬಾಗಿಲಿಗೆ ಕಪ್ಪು ಹಿಡಿ ಆರಿಸಿದರು. ಅಜ್ಜಿಗೆ ಹಿಡಿ ಎದ್ದು ಕಾಣಲೆಂದು ಅವರೇ ಯೋಚಿಸಿದ್ದನ್ನು ಕೇಳಿ ನಮಗೆ ಸಂತೋಷವಾಯಿತು.

ಕಲ್ಯಾಣದ ಶರಣಗಣದಲ್ಲಿ ಬಾಚಿ ಹಿಡಿದು ಮರಗೆಲಸ ಮಾಡುತ್ತಿದ್ದ ಬಾಚಿಕಾಯಕದ ಬಸವಯ್ಯನವರೂ ಇದ್ದರು. ಕೈಕೆಲಸ ಕೀಳಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಬೇಕಾದುದೆಷ್ಟು, ಬಯಕೆಯೆಷ್ಟು ಎಂಬ ಆ ತಾಯಿಯ ಅರಿವು ಇಂದಿನ ಅಡುಗೆಮನೆಗೂ ಸಲ್ಲುತ್ತದೆ. ಸವೆದುದನ್ನು ಮಾತ್ರ ಬದಲಿಸಿ, ಗಟ್ಟಿಯಾದುದನ್ನು ಉಳಿಸಿಕೊಂಡರೆ ಹಣ ಉಳಿಯುತ್ತದೆ. ಹಿರಿಯರಿಗೆ ತಮ್ಮದೆಂಬ ನೆಲೆಯೂ ಉಳಿಯುತ್ತದೆ. ಹಾಗೆ ಉಳಿದುದರಲ್ಲಿ ಒಂದು ಪಾಲು ದಾಸೋಹಕ್ಕೆ ಸಂದರೆ ಆ ಕೆಲಸ ಕಾಯಕವೆನಿಸುತ್ತದೆ.