ಹಿಡಿದದ್ದು ಬಿಡದ ಬ್ರೇಕು

ಬ್ರೇಕ್ ಹಿಡಿಯಲಿಲ್ಲವೆಂದರೆ ಊರಿಗೆಲ್ಲ ಸುದ್ದಿ. ಹಿಡಿದ ಬ್ರೇಕ್ ಬಿಡಲಿಲ್ಲವೆಂದರೆ ಯಾರೂ ಕಿವಿಗೊಡುವುದಿಲ್ಲ. ಕಾರು ಯಾಕೋ ಎಳೆಯುತ್ತಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದು ಎಂಜಿನ್ನಿನ ಮೇಲೆ ಗೂಬೆ ಕೂರಿಸುತ್ತೇವೆ. ಸುಟ್ಟ ವಾಸನೆ ಮೂಗಿಗೆ ಬಡಿದರೂ ಮುಂದಿನ ಲಾರಿಯದ್ದಿರಬೇಕೆಂದು ಗಾಜು ಏರಿಸಿಬಿಡುತ್ತೇವೆ.

ಈ ಜಾತಿಯ ಕಾಯಿಲೆಗಳಲ್ಲೆಲ್ಲ ನನಗೆ ಬಲು ಸ್ವಾರಸ್ಯವಾಗಿ ಕಾಣುವುದು, ಕಾಲು ಸೋಕದೆಯೇ ತಾನಾಗಿ ಬಿಗಿಯುತ್ತ ಹೋಗುವ ಬ್ರೇಕು. ಹೊರಟಾಗ ಎಲ್ಲ ಸರಿ. ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಯ ಸಮತಟ್ಟು ರಸ್ತೆಗೆ ಬಂದಾಗ ಪೆಡಲ್ ಕಲ್ಲಿನಂತಾಗಿರುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಕಾರು ಉರುಳದೆ ನಿಂತೇಬಿಡುತ್ತದೆ. ಗೋಳಿಬಜೆ ತಿಂದು, ಟೀ ಕುಡಿದು ಬರುವಷ್ಟರಲ್ಲಿ ಏನೂ ಆಗದಂತೆ ಓಡುತ್ತದೆ! ಗ್ಯಾರೇಜಿಗೆ ಒಯ್ದರೆ, "ಏನೂ ಇಲ್ವಲ್ಲ ಸಾರ್, ಸುಮ್ನೆ ನಿಮ್ಗೆ ಅನುಮಾನ."

ಅನುಮಾನವಲ್ಲ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವುದು ಮಾಸ್ಟರ್ ಸಿಲಿಂಡರ್. ಹೆಚ್ಚಿನ ಹಳೆಯ ಕಾರುಗಳಲ್ಲಿ ಅದರೊಳಗೆ ಸೂಜಿ ತೂರುವಷ್ಟು ಒಂದು ತೂತಿದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಸರಿದು ಅದು ತೆರೆದುಕೊಳ್ಳಬೇಕು. ಕಾದು ಹಿಗ್ಗಿದ ಬ್ರೇಕ್ ಆಯಿಲ್ ಅದರ ಮೂಲಕ ಮೇಲಿನ ಡಬ್ಬಿಗೆ ಮರಳಬೇಕು. ಕಾಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರಿನಿಂದ ಪಿಸ್ಟನ್ ತಳ್ಳುವ ಕಡ್ಡಿ ತುಸುವೇ ಉದ್ದವಾದರೂ ತೂತು ಮುಚ್ಚಿಯೇ ಇರುತ್ತದೆ. ಆಗ ಹಿಗ್ಗಿದ ಆಯಿಲ್ ಪ್ಯಾಡನ್ನು ಒತ್ತುತ್ತದೆ, ಒತ್ತಿದ ಪ್ಯಾಡ್ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಆ ಬಿಸಿಗೆ ಆಯಿಲ್ ಮತ್ತೂ ಹಿಗ್ಗುತ್ತದೆ. ಥೇಟ್ ಚಕ್ರಬಡ್ಡಿ. ಯಾರೋ ಪುಣ್ಯಾತ್ಮರು ಆ ಡಬ್ಬಿಗೆ ಎಂಜಿನ್ ಆಯಿಲ್ ಸುರಿದಿದ್ದರೂ ಇದೇ ಪಾಡು: ಒಳಗಿನ ರಬ್ಬರ್ ಊದಿಕೊಂಡು ತೂತಿಗೆ ಅಡ್ಡ ಕೂರುತ್ತದೆ. ಆಮೇಲೆ ಆಯಿಲ್ ಸೋಕಿದ ರಬ್ಬರನ್ನೆಲ್ಲ ಬದಲಿಸದೆ ಗತಿಯಿಲ್ಲ.

ನೋಡಿದ ಕೂಡಲೇ "ಪ್ಯಾಡ್ ಹಾಕಿಸಿ" ಎನ್ನುವ ಮೆಕ್ಯಾನಿಕ್ಕಿನ ಮೇಲೆ ನನಗೆ ನಂಬಿಕೆ ಕಡಿಮೆ. ಬಲ್ಲವನು ಬ್ರೇಕ್ ಬಿಗಿದಿರುವಾಗಲೇ, ಆರುವ ಮುನ್ನ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಜಾಕ್ ಏರಿಸುತ್ತಾನೆ. ತಿರುಗದ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಾನೆ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಬಿದ್ದಿದೆ ಎಂದರ್ಥ. ಬಿಡದಿದ್ದರೆ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದಿರಬೇಕು, ಇಲ್ಲವೇ ಅದು ಜಾರುವ ಪಿನ್ ಒಣಗಿರಬೇಕು; ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನೂ ನೋಡಬೇಕು. ಒತ್ತಡವೇ ಆಗಿದ್ದು ಎಲ್ಲ ಚಕ್ರಗಳೂ ಬಿಗಿದಿದ್ದರೆ, ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಬಿಗಿದ ನಟ್ಟುಗಳನ್ನು ಚೂರು ಸಡಿಲಿಸಿ ಮುಂದೆ ಸರಿಸುತ್ತಾನೆ. ಅಷ್ಟಕ್ಕೇ ಬಿಟ್ಟುಕೊಂಡರೆ ದೋಷ ಕಡ್ಡಿಯ ಉದ್ದದ್ದು, ಇಲ್ಲವೇ ಬೂಸ್ಟರಿನದ್ದು. ಒಂದೇ ಚಕ್ರದ ತಾಪತ್ರಯವಾದರೆ ರಬ್ಬರ್ ಹೋಸನ್ನು ಶಂಕಿಸಬೇಕು. ಹೊರಗೆ ಹೊಸದರಂತಿದ್ದರೂ ಒಳಪದರ ಕಿತ್ತು, ಹೋಗುವ ಆಯಿಲ್ಲಿಗೆ ದಾರಿ ಕೊಟ್ಟು ಬರುವುದನ್ನು ತಡೆಯುತ್ತದೆ.

ಇದನ್ನೆಲ್ಲ "ಹೇಗೋ ಓಡ್ತಿದೆಯಲ್ಲ" ಎಂದು ತಳ್ಳಿಹಾಕುವಂತಿಲ್ಲ. ಹೊಸ ಡಾಟ್ 3 ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ಆಯಿಲ್ಲಿಗೆ ಆ ಮಿತಿ 140 ಡಿಗ್ರಿ ಮಾತ್ರ. ಕುದಿದರೆ ಆವಿ, ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ. ಬಿಡದಿದ್ದ ಬ್ರೇಕು ಆಗ ಹಿಡಿಯುವುದೇ ಇಲ್ಲ.

ಘಾಟಿ ಇಳಿದ ಮೇಲೆ ಒಮ್ಮೆ ನಿಲ್ಲಿಸಿ, ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನವು ಹಿಂದಿನವಕ್ಕಿಂತ ಬಿಸಿಯಿರುವುದು ಸಹಜ. ಎಡದ್ದನ್ನು ಬಲದ್ದಕ್ಕೆ ಹೋಲಿಸಿ.