ಪಾಸಾದರೆ ಸಾಲದು

ಅರ್ಜಿಯನ್ನು ಬರೆಯುವವರಿಗೂ ಅದನ್ನು ಓದುವವರಿಗೂ ದೊಡ್ಡ ಅಂತರವುಂಟು. ಬರೆಯುವವನು ತನ್ನ ಅಗತ್ಯವನ್ನು ನೆನೆದು ಬರೆಯುತ್ತಾನೆ. ಓದುವವನು ನಿಯಮವನ್ನು ನೆನೆದು ಓದುತ್ತಾನೆ. ಬಿ.ಎ. ಮುಗಿಸಿ, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಹನ್ನೆರಡು ವರ್ಷ ಸವೆಸಿರುವ ನಾನು ಹಗಲೆಲ್ಲ ಓದುವವರ ಪಂಗಡದವನು. ಸಂಜೆ ದಿವಾ ನಿಲ್ದಾಣದಲ್ಲಿ ಗಾಡಿಯ ಗರ್ದಿಯಿಂದ ಹೊರಬಿದ್ದು ಮನೆ ಸೇರುವ ಹೊತ್ತಿಗೆ ಬರೆಯುವವರ ಪಂಗಡಕ್ಕೆ ಸೇರಿಬಿಡುತ್ತೇನೆ. ಸುತ್ತಲಿನ ಕನ್ನಡದ ಮನೆಗಳವರಿಗೆ ಸರಕಾರಿ ಕಾಗದವೆಂದರೆ ಮೊದಲು ನೆನಪಾಗುವುದು ನಮ್ಮ ಮನೆಯ ಬಾಗಿಲು. ರೇಶನ್ ಕಾರ್ಡು, ಪಿಂಚಣಿ, ಜನನದ ದಾಖಲೆ, ಯಾವುದಕ್ಕೂ ನಾನು ಬೇಡವೆಂದವನಲ್ಲ.

ಮೇ ತಿಂಗಳಲ್ಲಿ ೧೨ನೆಯ ತರಗತಿಯ ಫಲಿತಾಂಶ ಬಂದೊಡನೆ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಹುಡುಗಿ ನರ್ಸಿಂಗ್ ಡಿಗ್ರಿ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ ಮಾರಾಯರೇ, ಏನೇನು ಬೇಕು?” ಕೇಳುವವರ ಕೈಯಲ್ಲಿ ಅಂಕಪಟ್ಟಿ ಇರುತ್ತದೆ, ಮುಖದಲ್ಲಿ ಸಂತೋಷವಿರುತ್ತದೆ. ಆ ಪಟ್ಟಿಯನ್ನು ನೋಡಿ, “ಇದು ಆಗಲಿಕ್ಕಿಲ್ಲ” ಎಂದು ಹೇಳಬೇಕಾಗಿ ಬಂದಾಗ ನನಗಾಗುವ ಸಂಕಟ ಅಷ್ಟಿಷ್ಟಲ್ಲ. ನನ್ನ ಅಣ್ಣನ ಮಗಳ ನಿಮಿತ್ತ ನಾನು ತಿಳಿದುಕೊಂಡದ್ದನ್ನು ಬರೆದಿಟ್ಟರೆ, ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಿಗಾದರೂ ಹೊತ್ತಿಗೆ ಮುಂಚೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಅಣ್ಣ ಕುಂದಾಪುರದ ಕಡೆಯಿಂದ ಬಂದು ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಕುಳಿತವನು. ಮಗಳು ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದವಳು. ಲೋಕಲ್ ಗಾಡಿಗಳು ನಿಂತುಹೋಗಿದ್ದ ೨೦೨೦ರ ಬೇಸಗೆಯಲ್ಲಿ ನಮ್ಮ ಕಟ್ಟಡದ ಎರಡನೆಯ ಮಾಳಿಗೆಯ ಮಲಯಾಳಿ ದಾದಿಯೊಬ್ಬರು ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಅವರು ಮೆಟ್ಟಿಲು ಹತ್ತುವಾಗ ಕೆಲವು ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದುವು. ಹನ್ನೆರಡು ವರ್ಷದ ನಮ್ಮ ಹುಡುಗಿ ಅದನ್ನು ಕಿಟಕಿಯಿಂದ ನೋಡುತ್ತಿದ್ದಳು. ಏನನ್ನೂ ಹೇಳಲಿಲ್ಲ. ಹತ್ತನೆಯದು ಮುಗಿದ ದಿನ ಮಾತ್ರ, “ನಾನು ನರ್ಸ್ ಆಗುತ್ತೇನೆ” ಎಂದಳು.

ಅಣ್ಣನಿಗೆ ಇದು ಹಿಡಿಸಲಿಲ್ಲ. “ಡಾಕ್ಟರು ಎಂದರೆ ಹೇಳಲಿಕ್ಕೆ ಚಂದ. ನರ್ಸು ಎಂದರೆ? ರಾತ್ರಿ ಪಾಳಿ ಬೇರೆ” ಎಂದನು. ಅವಳು ನನ್ನ ಕಡೆಗೆ ತಿರುಗಿ, “ಚಿಕ್ಕಪ್ಪ, ಡಾಕ್ಟರು ದಿನಕ್ಕೆ ಎರಡು ಸಲ ಬಂದು ನೋಡಿ ಹೋಗುತ್ತಾರೆ. ಉಳಿದ ಹೊತ್ತು ರೋಗಿಯ ಹತ್ತಿರ ಯಾರಿರುತ್ತಾರೆ?” ಎಂದು ಕೇಳಿದಳು. ಅಣ್ಣನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ದಾದಿಯ ಕೆಲಸವೆಂದರೆ ನೋಡಿ ಕಲಿಯುವ ಚಾಕರಿಯೆಂದು ನಮ್ಮಲ್ಲಿ ಅನೇಕರು ಇನ್ನೂ ಭಾವಿಸುವುದುಂಟು. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದದ್ದು ೧೮೬೦ರಲ್ಲಿ. ನಮ್ಮ ದೇಶದಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿಯ ಶಿಕ್ಷಣ ಆರಂಭವಾದದ್ದು ೧೯೪೬ರಲ್ಲಿ. ಮರುವರ್ಷವೇ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ಸ್ವಾತಂತ್ರ್ಯದಷ್ಟೇ ವಯಸ್ಸಾದ ಈ ವಿದ್ಯೆಯನ್ನು ಕೀಳೆನ್ನುವುದು ನಮ್ಮ ತಿಳಿವಳಿಕೆಯ ಕೊರತೆ.

ಇನ್ನು ನಿಯಮದ ಮಾತು. ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಪರಿಷತ್ತು ೨೦೨೧ರಲ್ಲಿ ಪ್ರಕಟಿಸಿದ ನಿಯಮಾವಳಿಯಂತೆ, ಸೇರುವ ವರ್ಷದ ಡಿಸೆಂಬರ್ ೩೧ಕ್ಕೆ ೧೭ ವಯಸ್ಸು ತುಂಬಿರಬೇಕು. ಶರೀರ ಆರೋಗ್ಯವಾಗಿದೆಯೆಂದು ವೈದ್ಯರ ಪತ್ರ ಬೇಕು. ೧೨ನೆಯ ತರಗತಿಯನ್ನು ವಿಜ್ಞಾನ ವಿಭಾಗದಲ್ಲಿ ಮುಗಿಸಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಈ ಮೂರನ್ನೂ ಕೂಡಿಸಿ ನೂರಕ್ಕೆ ೪೫ ಅಂಕ ಬಂದಿರಬೇಕು. ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಪಾಸಾಗಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ೪೫ರ ಬದಲು ೪೦.

ಓದಲಿಕ್ಕೆ ಇದು ನಾಲ್ಕು ಸಾಲು. ಎಡವುವವರು ಇಲ್ಲಿಯೇ ಎಡವುತ್ತಾರೆ. ಲೆಕ್ಕ ಹಾಕಿ ನೋಡಿ. ಮಹಾರಾಷ್ಟ್ರದ ೧೨ನೆಯ ತರಗತಿಯಲ್ಲಿ ಈ ಮೂರು ವಿಷಯಗಳಿಗೆ ನೂರು ನೂರರಂತೆ ೩೦೦ ಅಂಕ. ಪ್ರತಿಯೊಂದರಲ್ಲಿ ೩೫ ಬಂದರೆ ಪಾಸು, ಕೂಡಿಸಿದರೆ ೧೦೫. ನರ್ಸಿಂಗಿಗೆ ಬೇಕಾದದ್ದು ೧೩೫. ನಡುವಿನ ಆ ೩೦ ಅಂಕಗಳಲ್ಲಿ ಎಷ್ಟೋ ಮಕ್ಕಳ ಆಶೆ ಮುಳುಗುತ್ತದೆ. ಮರಾಠಿಯಲ್ಲಿ ೮೦, ಪರಿಸರದ ವಿಷಯದಲ್ಲಿ ಒಳ್ಳೆಯ ಅಂಕ, ಒಟ್ಟಿನಲ್ಲಿ ಪ್ರಥಮ ದರ್ಜೆಗೆ ಹತ್ತಿರವೆಂದು ತಂದೆತಾಯಿಗಳು ಹಿಗ್ಗುತ್ತಾರೆ. ಪ್ರವೇಶದ ಕಾರಕೂನನು ಒಟ್ಟನ್ನು ನೋಡುವುದೇ ಇಲ್ಲ; ಮೂರು ಸಂಖ್ಯೆಗಳನ್ನು ಕೂಡಿಸುತ್ತಾನೆ, ಅಷ್ಟೆ. ಪಾಸಾಗುವುದು ಬೇರೆ, ಅರ್ಹತೆ ಬೇರೆ.

ಅದಕ್ಕಿಂತ ಮೊದಲಿನ ಮಾತು ಜೀವಶಾಸ್ತ್ರದ್ದು. ಹನ್ನೊಂದನೆಯದಕ್ಕೆ ಸೇರುವಾಗ ಜೀವಶಾಸ್ತ್ರವನ್ನು ಬಿಟ್ಟು ಗಣಿತ ಮಾತ್ರ ಹಿಡಿದವರಿಗೆ, ವಾಣಿಜ್ಯ ಅಥವಾ ಕಲಾ ವಿಭಾಗಕ್ಕೆ ಹೋದವರಿಗೆ ಈ ಪದವಿಯ ಬಾಗಿಲು ಅಂದೇ ಮುಚ್ಚಿಹೋಗುತ್ತದೆ. ಅಂಥವರು ಎದೆಗುಂದಬೇಕಾಗಿಲ್ಲ. ಜಿ.ಎನ್.ಎಂ. ಎಂಬ ಮೂರು ವರ್ಷಗಳ ಡಿಪ್ಲೊಮಾ ಉಂಟು. ೧೨ನೆಯದರಲ್ಲಿ ನೂರಕ್ಕೆ ೪೦ ಬಂದು ಇಂಗ್ಲಿಷು ಪಾಸಾಗಿದ್ದರೆ, ಬೇರೆ ವಿಭಾಗದವರೂ ಅದಕ್ಕೆ ಅರ್ಜಿ ಹಾಕಬಹುದು. ಅದನ್ನು ಮುಗಿಸಿ ದಾದಿಯಾಗಿ ನೋಂದಣಿಯಾದ ಬಳಿಕ, ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಪದವಿಯನ್ನೂ ಪಡೆಯಬಹುದು. ದಾರಿ ಸ್ವಲ್ಪ ಬಳಸು. ಆದರೆ ಅದೇ ಊರಿಗೆ ಹೋಗುತ್ತದೆ.

ನಮ್ಮ ಹುಡುಗಿ ಜೀವಶಾಸ್ತ್ರ ಹಿಡಿದಿದ್ದಳು. ಆದರೂ ಜನವರಿಯಲ್ಲಿ ಕಾಲೇಜಿನ ಪೂರ್ವಪರೀಕ್ಷೆಯ ಅಂಕ ಬಂದಾಗ ಭೌತಶಾಸ್ತ್ರ ೩೬, ರಸಾಯನ ೪೧, ಜೀವಶಾಸ್ತ್ರ ೫೧, ಒಟ್ಟು ೧೨೮. ಎಲ್ಲದರಲ್ಲಿಯೂ ಪಾಸು, ನರ್ಸಿಂಗಿಗೆ ೭ ಅಂಕ ಕಡಮೆ. ಅತ್ತಿಗೆ ಪಾಯಸ ಮಾಡಿದ್ದಳು. ಹುಡುಗಿ ಬಟ್ಟಲನ್ನು ಮುಟ್ಟದೆ ಕಾಗದದ ಮೇಲೆ ಆ ೭ನ್ನು ಬರೆದು ಗೋಡೆಗೆ ಅಂಟಿಸಿದಳು. ಫೆಬ್ರವರಿಯವರೆಗೆ ಅದು ಅಲ್ಲಿಯೇ ಇತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಅರ್ಹತೆಯ ಜೊತೆಗೆ ಪ್ರವೇಶಪರೀಕ್ಷೆಯೂ ಉಂಟು. ಮಹಾರಾಷ್ಟ್ರದಲ್ಲಿ ಮೊದಲು ನೀಟ್ ಅಂಕಗಳ ಮೇಲೆ ಸೇರಿಸಿಕೊಳ್ಳುತ್ತಿದ್ದರು. ಈಗ ರಾಜ್ಯದ ಸಿ.ಇ.ಟಿ. ಕಚೇರಿಯೇ ಬಿ.ಎಸ್‌ಸಿ. ನರ್ಸಿಂಗಿಗೆ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷು, ಮತ್ತು ಈ ವೃತ್ತಿಯ ಕಡೆಗಿರುವ ಒಲವು, ಹೀಗೆ ಐದು ಭಾಗ. ಒಂದೊಂದಕ್ಕೆ ೨೦ ಅಂಕ. ಇದರ ಅರ್ಜಿ ಫಲಿತಾಂಶಕ್ಕೆ ಎಷ್ಟೋ ಮೊದಲೇ ಹೊರಡುತ್ತದೆ. “ಫಲಿತಾಂಶ ಬರಲಿ, ಆಮೇಲೆ ನೋಡುವ” ಎಂದು ಕುಳಿತವರು ಒಂದು ವರ್ಷ ಕುಳಿತೇ ಇರಬೇಕಾಗುತ್ತದೆ.

ಕಾಗದಗಳ ವಿಷಯದಲ್ಲಿ ಹೊರನಾಡಿನವರಾದ ನಮಗೆ ಪಾಡು ಹೆಚ್ಚು. ಊರಿನಲ್ಲಿ ಹೆಸರಿನ ಹಿಂದೆ ಒಂದು ಇನಿಶಿಯಲ್ ಸಾಕು. ಇಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರೂ ಬೇಕು. ಅಣ್ಣನ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಮಗಳ ಶಾಲೆ ಬಿಟ್ಟ ದಾಖಲೆಯಲ್ಲಿ ಮೂರನೆಯದು. ಮೂವರು ತಂದೆಯರಲ್ಲ, ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಿ ಸರಿಪಡಿಸುವಷ್ಟರಲ್ಲಿ ಒಂದೂವರೆ ತಿಂಗಳು ಹಿಡಿಯಿತು. ರಾಜ್ಯದ ಪಾಲಿನ ಸೀಟಿಗೆ ವಾಸ್ತವ್ಯದ ದಾಖಲೆಯನ್ನೂ ಇಲ್ಲಿಯ ಓದಿನ ದಾಖಲೆಯನ್ನೂ ಕೇಳುತ್ತಾರೆ. ಮಕ್ಕಳನ್ನು ಹತ್ತರವರೆಗೆ ಅಜ್ಜಿಯ ಮನೆಯಲ್ಲಿ ಓದಿಸಿ ಆಮೇಲೆ ಇಲ್ಲಿಗೆ ಕರೆತರುವವರು ನಮ್ಮಲ್ಲಿ ಬಹಳ. ಹಾಗೆ ಮಾಡುವ ಮುಂಚೆ, ಮಗು ಎರಡು ರಾಜ್ಯಗಳ ನಡುವೆ ಯಾವ ರಾಜ್ಯಕ್ಕೂ ಸೇರದೆ ಉಳಿದೀತೇ ಎಂದು ಯೋಚಿಸುವುದು ಒಳ್ಳೆಯದು.

ಜಾತಿಯ ದಾಖಲೆಯದು ಇನ್ನೊಂದು ಗಂಟು. ನಮ್ಮ ಪಂಗಡ ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆ. ಆ ಪತ್ರವನ್ನು ತಂದರೆ ಇಲ್ಲಿಯೂ ನಡೆಯುತ್ತದೆಂದು ಅಣ್ಣ ನಂಬಿದ್ದನು. ಮಹಾರಾಷ್ಟ್ರದಲ್ಲಿ ಮೀಸಲಾತಿ ಬೇಕಾದರೆ, ಮನೆತನ ಗೊತ್ತಾದ ದಿನಾಂಕಕ್ಕೆ ಇಲ್ಲಿಯ ನಿವಾಸಿಯಾಗಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ ೧೯೫೦ನೆಯ ಆಗಸ್ಟ್ ೧೦, ಪರಿಶಿಷ್ಟ ಪಂಗಡಕ್ಕೆ ೧೯೫೦ನೆಯ ಸೆಪ್ಟೆಂಬರ್ ೬, ಇತರ ಹಿಂದುಳಿದವರಿಗೆ ೧೯೬೭ನೆಯ ಅಕ್ಟೋಬರ್ ೧೩. ನಮ್ಮ ತಂದೆ ೧೯೬೭ರಲ್ಲಿ ಕುಂದಾಪುರದ ಹತ್ತಿರ ಗದ್ದೆ ಉಳುತ್ತಿದ್ದರು. ಹೀಗಾಗಿ ಹುಡುಗಿ ಸಾಮಾನ್ಯ ವರ್ಗದಲ್ಲಿಯೇ ನಿಲ್ಲಬೇಕಾಯಿತು. ದಾಖಲೆ ಉಳ್ಳವರೂ ಪರಿಶೀಲನಾ ಸಮಿತಿಯ ಮಾನ್ಯತಾಪತ್ರಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಕೊಡತಕ್ಕದ್ದು.

ಈ ಸ್ಥಿತಿಯಲ್ಲಿದ್ದಾಗ ಒಬ್ಬ ಮಹಾಶಯರು ಮನೆಗೆ ಬಂದರು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸೀಟು ಖಚಿತ, ಪರೀಕ್ಷೆಯೂ ಬೇಡ, ಅಂಕದ ಚಿಂತೆಯೂ ಬೇಡ, ಮುಂಗಡ ೫೦,೦೦೦ ರೂಪಾಯಿ ಮಾತ್ರ ಎಂದರು. ಅಣ್ಣ ಚೀಟಿಯ ಹಣ ಎತ್ತಿ ಇಟ್ಟಿದ್ದನು. ನಾನು ಕಚೇರಿಯ ಅಭ್ಯಾಸದಂತೆ ಮೂರು ಪ್ರಶ್ನೆ ಕೇಳಿದೆ: ಕಾಲೇಜಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮತ್ತು ರಾಜ್ಯದ ನರ್ಸಿಂಗ್ ಪರಿಷತ್ತಿನ ಮನ್ನಣೆ ಈ ವರ್ಷಕ್ಕೆ ಉಂಟೇ? ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು? ಮಕ್ಕಳು ಕೆಲಸ ಕಲಿಯುವ ಆಸ್ಪತ್ರೆ ಯಾವುದು, ಹಾಸಿಗೆ ಎಷ್ಟು? ಪದವಿ ಕಾಲೇಜಿಗೆ ೧೦೦ ಹಾಸಿಗೆಗಳ ಆಸ್ಪತ್ರೆಯ ಆಧಾರವಿರಬೇಕೆಂದು ನಿಯಮ. ಕರ್ನಾಟಕದಲ್ಲಾದರೆ ೧೯೯೬ರಲ್ಲಿ ಸ್ಥಾಪನೆಯಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ, ಇಲ್ಲಿಯಾದರೆ ೧೯೯೮ರ ನಾಶಿಕದ ಆರೋಗ್ಯ ವಿಜ್ಞಾನ ವಿದ್ಯಾಪೀಠ. ಖಾಸಗಿ ವಿಶ್ವವಿದ್ಯಾನಿಲಯಗಳೂ ಉಂಟು. ಯಾವುದೆಂದು ಹೇಳಲಿಕ್ಕೆ ಗುಟ್ಟೇನು? ಮಹಾಶಯರು, “ಇಷ್ಟು ಸಂಶಯಪಟ್ಟರೆ ಹೇಗೆ?” ಎಂದು ಚಹ ಮುಗಿಸಿ ಎದ್ದರು. ಹಣ ಪೆಟ್ಟಿಗೆಯಲ್ಲಿಯೇ ಉಳಿಯಿತು. ಮನ್ನಣೆಯಿಲ್ಲದ ಕಡೆ ನಾಲ್ಕು ವರ್ಷ ಓದಿದರೆ ನೋಂದಣಿ ಸಿಗದು. ನೋಂದಣಿಯಿಲ್ಲದ ದಾದಿಗೆ ಒಳ್ಳೆಯ ಆಸ್ಪತ್ರೆಯ ಬಾಗಿಲು ತೆರೆಯದು.

ಆದರೆ ಬೆಂಗಳೂರಿನ ಮಾತು ಒಂದು ಉಪಕಾರ ಮಾಡಿತು. ಕರ್ನಾಟಕದಲ್ಲಿ ೨೦೨೩ರಿಂದ ನರ್ಸಿಂಗ್ ಪದವಿಗೂ ಅಲ್ಲಿಯ ಸಿ.ಇ.ಟಿ. ಇದೆ. ಸಾಮಾನ್ಯವಾಗಿ ಅಲ್ಲಿ ಏಳು ವರ್ಷ ಓದಿದವರಿಗೆ ಸರಕಾರಿ ಸೀಟಿನ ಹಕ್ಕು. ಹೊರನಾಡ ಕನ್ನಡಿಗರಿಗೂ, ಅಕ್ಕಲಕೋಟೆ, ಜತ್ತ, ಕಾಸರಗೋಡಿನಂಥ ಗಡಿನಾಡಿನವರಿಗೂ ಆ ಪರೀಕ್ಷೆಯಲ್ಲಿ ಒಂದು ಕಿರುಬಾಗಿಲು ಇಟ್ಟಿದ್ದಾರೆ. ತುಳು, ಕೊಡವ ಮನೆಮಾತಿನವರೂ ಅದರಲ್ಲಿ ಸೇರುತ್ತಾರೆ. ಅದಕ್ಕೆ ಬೀಗದ ಕೈ ಒಂದು ಕನ್ನಡ ಪರೀಕ್ಷೆ: ೫೦ ಅಂಕಕ್ಕೆ ೧೨ ಬಂದರೆ ಸಾಕು. ಯಾವ ಶಿಕ್ಷಣಕ್ಕೆ ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಮಾಹಿತಿಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಹನ್ನೆರಡೇ ಅಂಕ! ನಾವು ನಕ್ಕೆವು. ಆಮೇಲೆ ನೋಡಿದರೆ ನಮ್ಮ ಹುಡುಗಿಗೆ ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ‘ಅಮ್ಮ’ ಎಂದು ದಿನಕ್ಕೆ ನೂರು ಸಲ ಕರೆಯುವವಳಿಗೆ ಆ ಮಕಾರದ ಒತ್ತು ಎಲ್ಲಿ ಬೀಳುತ್ತದೆಂದು ತಿಳಿಯದು. ದಿನಾಲು ರಾತ್ರಿ ಊಟದ ನಂತರ ಅರ್ಧ ಗಂಟೆ ಕಾಗುಣಿತ ಬರೆಸಿದೆವು. ಬೇಸರವಾದಾಗ ಅವಳು ದೇಹದ ಅವಯವಗಳ ಹೆಸರನ್ನೇ ಕನ್ನಡದಲ್ಲಿ ಬರೆಯುತ್ತಿದ್ದಳು: ಮೂಳೆ, ನರ, ಶ್ವಾಸಕೋಶ, ಮೂತ್ರಪಿಂಡ. ಊರಿಗೆ ಅಜ್ಜಿಗೆ ಒಂದು ಕಾಗದ ಬರೆದಳು. ಏಪ್ರಿಲಿನಲ್ಲಿ ಕರ್ನಾಟಕಕ್ಕೆ ಹೋಗಿ ಆ ಪರೀಕ್ಷೆಯನ್ನೂ ಬರೆದು ಬಂದಳು. ೩೧ ಅಂಕ ಬಂದುವು.

೧೨ನೆಯದರಲ್ಲಿ ೪೯, ೫೫, ೬೭, ಒಟ್ಟು ೧೭೧. ಇಲ್ಲಿಯ ಸಿ.ಇ.ಟಿ.ಯಲ್ಲಿಯೂ ಕ್ರಮಾಂಕ ಸಾಧಾರಣವಾಗಿ ಬಂತು. ಎರಡನೆಯ ಸುತ್ತಿನಲ್ಲಿ ನವಿ ಮುಂಬಯಿಯ ಕಡೆ ಸೀಟು ಸಿಕ್ಕಿತು. ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ಹಾಗಾದರೆ ಕನ್ನಡ ಕಲಿತದ್ದು ದಂಡವಾಯಿತೇ ಎಂದು ಅತ್ತಿಗೆ ಕೇಳಿದ್ದಳು.

ಅದಕ್ಕೆ ಉತ್ತರ ಕಳೆದ ತಿಂಗಳು ಸಿಕ್ಕಿತು. ವಾರ್ಡಿನಲ್ಲಿ ಕಲಬುರಗಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದ ಹೆಂಗಸೊಬ್ಬಳು ಮಲಗಿದ್ದಳಂತೆ. ಮರಾಠಿ ಬಾರದು, ಹಿಂದಿ ಬಾರದು. ಯಾರು ಏನು ಕೇಳಿದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಮ್ಮ ಹುಡುಗಿ ಹತ್ತಿರ ಹೋಗಿ, “ಎಲ್ಲಿ ನೋಯುತ್ತದೆ, ಅಕ್ಕಾ?” ಎಂದಾಗ ಅವಳು ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ. ಗುಳಿಗೆ ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದು, ಆಕೆಯ ಮಗನ ಕೈಗೆ ಕೊಟ್ಟಳು. ಇದನ್ನು ಕೇಳಿದ ಅಣ್ಣ ಏನೂ ಅನ್ನಲಿಲ್ಲ. ಮರುದಿನ ಹೋಟೆಲಿನಲ್ಲಿ ಗಿರಾಕಿಯೊಬ್ಬರಿಗೆ, “ನನ್ನ ಮಗಳು ನರ್ಸಿಂಗ್ ಓದುತ್ತಾಳೆ” ಎಂದು, ಕೇಳದೆಯೇ ಹೇಳಿದನಂತೆ.

ಹತ್ತನೆಯ ತರಗತಿಯ ಮಗುವಿರುವ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟೆ. ಹೆಸರಿನ ಕಾಗದಗಳನ್ನು ಈ ವರ್ಷವೇ ಒಂದಾಗಿಸಿ. ಹನ್ನೊಂದಕ್ಕೆ ಸೇರಿಸುವಾಗ ಜೀವಶಾಸ್ತ್ರವನ್ನು ಕೇಳಿ ನೋಡಿ. ಮೂರು ವಿಷಯಗಳ ಮೊತ್ತವನ್ನು ಪ್ರತಿ ಪರೀಕ್ಷೆಗೂ ಕೂಡಿಸಿ. ಸೀಟು ಕೊಡಿಸುವವರಿಗೆ ಹಣಕ್ಕೆ ಮೊದಲು ಆ ಮೂರು ಪ್ರಶ್ನೆ ಹಾಕಿ. ಸಂಘದ ಹಿರಿಯರಲ್ಲಿಯೂ ಒಂದು ಮಾತು: ಪ್ರತಿ ವರ್ಷ ಜನವರಿಯ ಒಂದು ಭಾನುವಾರ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕಿಸಿದರೆ, ಇಂಥ ಅರ್ಜಿಗಳನ್ನು ತುಂಬಿಸಿಕೊಡಲು ನಾನು ಬಂದು ಕುಳಿತುಕೊಳ್ಳುತ್ತೇನೆ. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಯಾರಾದರೂ ತಾಯಂದಿರು ಮಕ್ಕಳಿಗೆ ಒತ್ತಕ್ಷರ ಬರೆಸಲಿ.