ಗುಳಿಗೆಯ ಡಬ್ಬಿ, ಮೊಸರಿನ ಪಾತ್ರೆ



ನಿಮ್ಮಲ್ಲಿ ಎಷ್ಟು ಜನರ ಮೇಜಿನ ಮೇಲೆ ವಿಟಮಿನ್ ಡಬ್ಬಿ ಇದೆ? ಸಂಕೋಚ ಬೇಡ, ನನ್ನ ಮಗನ ಮೇಜಿನ ಮೇಲೂ ಇತ್ತು. ತಿಂಡಿಗೆ ಸಮಯವಿಲ್ಲ, ಒಂದು ಗುಳಿಗೆ ನುಂಗಿ ಲೋಕಲ್ ಹಿಡಿಯಲು ಓಡುವುದು. "ಇದರಲ್ಲಿ ಎಲ್ಲಾ ಇದೆಯಮ್ಮಾ" ಎನ್ನುತ್ತಿದ್ದ. "ಊಟ ಬಲ್ಲವನಿಗೆ ರೋಗವಿಲ್ಲ ಕಣೋ" ಎಂದು ನಾನು ಗಾದೆ ಹೇಳಿದರೆ ನಗುತ್ತಿದ್ದ.

ವಾದದಲ್ಲಿ ಗೆಲ್ಲಬೇಕೆಂಬ ಹಟಕ್ಕೆ ನಾನೂ ಒಂದಿಷ್ಟು ಓದಿಕೊಂಡೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿಯಿಂದ ನರಳುತ್ತಿದ್ದ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬೆರಿಬೆರಿ ಬರುತ್ತಿತ್ತು; ತೌಡಿನಲ್ಲಿತ್ತು ಅದರ ಮದ್ದು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ 'ವಿಟಮಿನ್' ಎಂಬ ಹೆಸರಿಟ್ಟ. ಅಂದರೆ, ಕೊರತೆ ಇದ್ದವರಿಗೆ ವಿಟಮಿನ್ ಅಮೃತವೇ ಸರಿ.

ಕೊರತೆ ಇಲ್ಲದವರಿಗೆ? ಬಿ ಗುಂಪಿನವು ಮತ್ತು ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹರಿದುಹೋಗುತ್ತವೆ, ನಿಮ್ಮ ದುಡ್ಡಿನ ಜೊತೆಗೆ. ಎ ಮತ್ತು ಡಿ ಹಾಗಲ್ಲ. ಮೈಯಲ್ಲೇ ಉಳಿದು, ಮಿತಿ ಮೀರಿದರೆ ತೊಂದರೆ ಕೊಡುತ್ತವೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕೆರೋಟಿನ್ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು 1994ರಲ್ಲಿ ಪ್ರಕಟವಾಯಿತು. ಇದನ್ನೆಲ್ಲ ಮಗನಿಗೆ ಹೇಳಿ ಬೀಗಿದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಳೆದ ವರ್ಷ ನನ್ನ ಪಾದಗಳಲ್ಲಿ ಸದಾ ಜೋಮು ಹಿಡಿಯತೊಡಗಿತು. ವಯಸ್ಸಿನ ಲಕ್ಷಣವೆಂದು ತಿಂಗಳುಗಟ್ಟಲೆ ಸುಮ್ಮನಿದ್ದೆ. ಕೊನೆಗೆ ಮಗನೇ ಡಾಕ್ಟರ ಬಳಿ ಕರೆದೊಯ್ದ. ರಕ್ತಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ! ಹೀಗೇ ಬಿಟ್ಟಿದ್ದರೆ ನರಗಳಿಗೆ ಶಾಶ್ವತ ಹಾನಿಯಾಗುತ್ತಿತ್ತಂತೆ. ಮೊಟ್ಟೆಯನ್ನೂ ಮುಟ್ಟದ ನಮ್ಮಂಥವರಿಗೆ ಅದು ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದ. "ದಿನಕ್ಕೆ ಎಷ್ಟು ಮೊಸರು ತಿನ್ನುತ್ತೀರಿ?" ಎಂದು ಡಾಕ್ಟರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರಿಗೂ ಗಟ್ಟಿ ಮೊಸರು ಬಡಿಸಿ, ಪಾತ್ರೆಯ ತಳಕ್ಕೆ ನೀರು ಹಾಕಿ ಕದಡಿದ ಮಜ್ಜಿಗೆ ಇಷ್ಟು ವರ್ಷ ನನ್ನ ಪಾಲಿನದು. ಅಡಿಗೆ ಬಲ್ಲೆನೆಂಬ ಜಂಬವಿತ್ತು; ಊಟ ಬಲ್ಲೆನೇ?

ಇಂಜೆಕ್ಷನ್ ಆಯಿತು, ಈಗ ಗುಳಿಗೆ ನಡೆದಿದೆ. ಹೌದು, ಗುಳಿಗೆಯನ್ನು ಜರೆದವಳೇ ನುಂಗುತ್ತಿದ್ದೇನೆ! ಜೋಮು ಬಹಳ ಇಳಿದಿದೆ.

ಆದ್ದರಿಂದ ಮಕ್ಕಳೇ, ಜಾಹೀರಾತು ನೋಡಿ ನುಂಗಬೇಡಿ, ಗಾದೆ ನಂಬಿ ಬಿಡಲೂ ಬೇಡಿ. ಸುಸ್ತೋ ಜೋಮೋ ಕಂಡರೆ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದ್ದನ್ನು ಹೇಳಿದಷ್ಟೇ ತೆಗೆದುಕೊಳ್ಳಿ. ತಾಯಿಯಾಗಲು ಬಯಸುವ ಹೆಣ್ಣುಮಕ್ಕಳು ಫೋಲಿಕ್ ಆಮ್ಲದ ಬಗ್ಗೆ ಮೊದಲೇ ಕೇಳಿಕೊಳ್ಳಿ.

ಮಗನ ಡಬ್ಬಿ ಖಾಲಿಯಾಯಿತು, ಹೊಸದು ಬರಲಿಲ್ಲ. ಈಗ ರಾತ್ರಿ ಊಟಕ್ಕೆ ನನ್ನನ್ನೂ ಜೊತೆಯಲ್ಲೇ ಕೂರಿಸಿಕೊಂಡು, ಮೊಸರನ್ನು ಮೊದಲು ನನ್ನ ತಟ್ಟೆಗೆ ಬಡಿಸುತ್ತಾನೆ. ಇವತ್ತು ನೀವೂ ನಿಮ್ಮ ಅಮ್ಮನ ತಟ್ಟೆಯತ್ತ ಒಮ್ಮೆ ನೋಡುತ್ತೀರಲ್ಲವೇ?